ಕೊಡೆ ಬಿಟ್ಟು ಹೆಗಲು ಕೊಟ್ಟ ಅಣಬೆ

ಆ ಕಲ್ಲು ಮೊದಲು ಕೆಳಗೆ ಹಾಕು ರಾಚಿ. ಹಾಕಿದೆಯಾ? ಹಾಂ, ಈಗ ಇತ್ತ ಬಂದು ಅಜ್ಜಿ ಪಕ್ಕ ಕೂತ್ಕೋ. ಮೂತಿ ಆಮೇಲೆ ಊದಿಸಿಕೊಳ್ಳುವೆಯಂತೆ.

ನಿನ್ನ ಸಿಟ್ಟು ನನಗೆ ಗೊತ್ತು ಕಣೇ. ಈ ಹೊಂಗೆಮರ ನಿಮ್ಮ ತಾತ ಮದುವೆಯಾದ ವರ್ಷ ನೆಟ್ಟದ್ದು. ಈಗ ನೋಡಿದರೆ ಕೊಂಬೆ ಒಣಗಿದೆ, ಮೈಮೇಲೆ ಹಲಗೆ ಹೊಡೆದ ಹಾಗೆ ಅಣಬೆ ಎದ್ದಿದೆ. ಅಣಬೆ ಮರವನ್ನು ತಿಂದು ಹಾಕ್ತಿದೆ ಅಂತ ನಿಮ್ಮ ಚಿಕ್ಕಪ್ಪ ಅಂದ, ನೀನು ಕಲ್ಲು ತಗೊಂಡು ಹೊರಟೆ. ತಾತ ಹೋಗಿ ಇನ್ನೂ ವರ್ಷ ತುಂಬಿಲ್ಲ, ಅವರ ಮರವೂ ಹೋಗಿಬಿಟ್ಟರೆ ಅಂತ ನಿನಗೆ ಸಂಕಟ. ನನಗಿಲ್ಲವೇನೇ ಆ ಸಂಕಟ?

ಆದರೆ ಹೊಡೆಯುವ ಮೊದಲು ಯಾರಿಗೆ ಹೊಡೀತಿದ್ದೀನಿ ಅಂತ ತಿಳ್ಕೋಬೇಕು. ಕೇಳು. ಕೇಳಿದ ಮೇಲೂ ಹೊಡೀಬೇಕು ಅನ್ನಿಸಿದರೆ ಕಲ್ಲು ಇಲ್ಲೇ ಬಿದ್ದಿರುತ್ತೆ, ನಾನೇನು ನುಂಗೋದಿಲ್ಲ.

ಭೂಮಿತಾಯಿ ಇನ್ನೂ ಹಸಿ ಬಾಣಂತಿಯಾಗಿದ್ದ ಕಾಲ. ಬೆಟ್ಟಗಳಿಗೆ ನೆತ್ತಿ ಗಟ್ಟಿಯಾಗಿರಲಿಲ್ಲ. ಹಳ್ಳಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಇವತ್ತು ಇಲ್ಲಿ ಹರಿದರೆ ನಾಳೆ ಅಲ್ಲಿ. ಗಾಳಿ, ಆನೆ, ಮರ, ಅಣಬೆ ಎಲ್ಲರೂ ಒಂದೇ ಮಾತು ಆಡುತ್ತಿದ್ದರು. ಜಗಳವೂ ಆಡುತ್ತಿದ್ದರು ಅನ್ನು.

ಆ ಕಾಲದಲ್ಲಿ ಮರಗಳು ಹುಟ್ಟುತ್ತಿದ್ದವು, ಬೆಳೆಯುತ್ತಿದ್ದವು, ವಯಸ್ಸಾಗಿ ಸಾಯುತ್ತಿದ್ದವು. ಆದರೆ ಬೀಳುತ್ತಿರಲಿಲ್ಲ. ಸತ್ತ ಮರ ನಿಂತಲ್ಲೇ ನಿಂತಿರುತ್ತಿತ್ತು. ಅದರ ಪಕ್ಕ ಇನ್ನೊಂದು ಸತ್ತು ನಿಲ್ಲುತ್ತಿತ್ತು. ಕಾಡಿನ ತುಂಬ ಹೀಗೆ ನಿಂತವರೇ. ಮನುಷ್ಯರು ಸತ್ತರೆ ಹೆಗಲು ಕೊಟ್ಟು ಮಣ್ಣಿಗೆ ಒಯ್ಯುವವರು ಇರ್ತಾರೆ. ಮರಕ್ಕೆ ಯಾರಿದ್ದರು?

ಇನ್ನೊಂದು ವಿಷಯ ಹೇಳಲು ಮರೆತೆ. ಆಗ ಸತ್ತವರ ಜೀವ ಹೋದರೂ ಮಾತು ಹೋಗುತ್ತಿರಲಿಲ್ಲ. ಮಣ್ಣು ಸೇರಿದ ಮೇಲೆಯೇ ಮಾತು ನಿಲ್ಲುತ್ತಿತ್ತು. ಹಾಗಾಗಿ ನಿಂತ ಮರಗಳೆಲ್ಲ ಗೊಣಗುತ್ತಾ ನಿಂತಿರುತ್ತಿದ್ದವು.

ಅವುಗಳಲ್ಲಿ ಎಲ್ಲರಿಗಿಂತ ದೊಡ್ಡವನು ಒಬ್ಬ ಮತ್ತಿಮರ. ಕಾಡಿನವರೆಲ್ಲ ಅವನನ್ನು ಮತ್ತಿತಾತ ಅನ್ನುತ್ತಿದ್ದರು. ಅವನು ಸತ್ತು ಬಹಳ ಕಾಲವಾಗಿತ್ತು. ಎಲೆಯಿಲ್ಲ, ಹೂವಿಲ್ಲ, ನೆರಳಿಲ್ಲ. ಆದರೆ ಅವನು ಬದುಕಿದ್ದಾಗ ಉದುರಿಸಿದ ಕೊನೆಯ ಬೀಜ ಒಂದು ಅವನ ಬುಡದಲ್ಲೇ ಮೊಳೆತಿತ್ತು. ಎರಡೇ ಎಲೆಯ ಕೂಸು. ಅವನು ಅದನ್ನು ಮೊಮ್ಮಗಳು ಅನ್ನುತ್ತಿದ್ದ.

ಆ ಕೂಸಿನ ಎಲೆ ಹಳದಿಯಾಗಿತ್ತು. ದಿನ ಬೆಳಗಾದರೆ ಅದರದು ಒಂದೇ ರಾಗ, ತಾತ ಹಸಿವು, ತಾತ ಹಸಿವು ಅಂತ.

ಮತ್ತಿತಾತನಿಗೆ ತಡೆಯಲಾಗಲಿಲ್ಲ. ಅವನು ಭೂಮಿತಾಯಿಯನ್ನು ಕರೆದು, ನೀನು ಎಲ್ಲರಿಗೂ ಉಣ್ಣಿಸುವವಳು, ನನ್ನ ಮೊಮ್ಮಗಳಿಗೆ ಯಾಕೆ ಬಡಿಸಲ್ಲ ಅಂತ ಕೇಳಿದ. ಕೇಳಿದ್ದು ಸ್ವಲ್ಪ ಜೋರಾಗಿಯೇ.

ಭೂಮಿತಾಯಿ ಸಿಟ್ಟಾಗಲಿಲ್ಲ. ಅವಳ ದನಿಯೇ ಸೊರಗಿ ಹೋಗಿತ್ತು.

"ನನ್ನ ಎದೆಯಲ್ಲಿ ಹಾಲು ಬತ್ತಿ ಹೋಗಿದೆ ಮಗಾ," ಅಂದಳು. "ನನ್ನ ಹತ್ತಿರ ಇದ್ದದ್ದೆಲ್ಲ ನಿಮ್ಮ ಮೈಯಲ್ಲಿ ನಿಂತುಬಿಟ್ಟಿದೆ. ನೀನು ಬಂದು ನನ್ನ ಮಡಿಲಲ್ಲಿ ಮಲಗಿದರೆ, ನಿನ್ನಿಂದಲೇ ಆ ಕೂಸಿಗೆ ಉಣ್ಣಿಸ್ತೀನಿ. ಮಲಗೋದಕ್ಕೆ ಆಗುತ್ತಾ ನಿನಗೆ?"

ಆಗುತ್ತಿರಲಿಲ್ಲ. ಅದೇ ತೊಂದರೆ. ಬದುಕಿದ್ದಷ್ಟೂ ಕಾಲ ನೆಟ್ಟಗೆ ನಿಲ್ಲುವುದನ್ನೇ ಕಲಿತವನು, ಬಗ್ಗುವುದು ಅವನಿಗೆ ಗೊತ್ತಿರಲಿಲ್ಲ. ಕೂಸು ಇನ್ನೊಂದು ಬೇಸಿಗೆ ತಡೆಯುವುದಿಲ್ಲ ಅಂತ ಅವನಿಗೆ ಕಾಣುತ್ತಿತ್ತು. ಕಾಣುತ್ತಿದ್ದರೂ ಕಂಬದ ಹಾಗೆ ನಿಂತಿರಬೇಕು. ಎಂಥ ಕಷ್ಟ ಹೇಳು ಅದು.

ಅವನು ಗಾಳಿಯನ್ನು ಕರೆದ. ಗಾಳಿ ಓಡಿ ಬಂತು, ಒಂದು ನೂಕು ನೂಕಿತು, ಮುಂದೆ ಹೋಯಿತು. ಹಿಂದಿರುಗಿ ಬಂದು, ತಾತ, ನಾನು ನೂಕಬಲ್ಲೆ, ಹೊರಲಾರೆ, ನಿಲ್ಲೋದಕ್ಕೇ ಬಾರದವನಿಗೆ ಹೆಗಲು ಎಲ್ಲಿಂದ ಬರಬೇಕು ಅಂತ ಹೇಳಿತು. ಸುಳ್ಳು ಹೇಳಲಿಲ್ಲ ಪಾಪ.

ಹಳ್ಳವನ್ನು ಕರೆದ. ಹಳ್ಳ ಬಂದು ಅವನ ಪಾದ ತೊಳೆದು, ನನ್ನಿಂದ ಇಷ್ಟೇ ಆಗೋದು ಅಂತ ಹೊರಟುಹೋಯಿತು.

ಆನೆಯನ್ನು ಕರೆದ. ಆನೆ ಬಂದು ಅವನಿಗೆ ಒರಗಿ ಬೆನ್ನು ತುರಿಸಿಕೊಂಡಿತು. ಚೆನ್ನಾಗಿ ತುರಿಸಿಕೊಂಡಿತು. ಆಮೇಲೆ, ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ, ನಿನ್ನ ಭಾರ ನನಗ್ಯಾಕೆ ಅಂತ ಬಾಲ ಬೀಸುತ್ತಾ ನಡೆಯಿತು. ಆನೆಗೆ ಅಂದಿನಿಂದಲೂ ಅದೇ ಚಾಳಿ, ಮರ ಕಂಡರೆ ಬೆನ್ನು ಉಜ್ಜುತ್ತೆ.

ಈಗ ಅಣಬೆಗಳ ಮಾತಿಗೆ ಬರ್ತೀನಿ. ಆಗ ಅಣಬೆಗಳೆಲ್ಲ ನೆಲದ ಮೇಲೇ ಇದ್ದವು. ಮುಂಗಾರಿನ ಗುಡುಗು ಹೊಡೆದರೆ ಸಾಕು, ಹುತ್ತದ ಪಕ್ಕ ಗುಂಪಾಗಿ ಏಳುತ್ತಿದ್ದವು. ಒಂದೊಂದಕ್ಕೂ ಒಂದು ಬಿಳಿ ಕಾಲು, ಕಾಲಿನ ಮೇಲೆ ಒಂದು ಕೊಡೆ, ಕೊಡೆಯ ಒಳಗೆ ಸೀರೆ ನೆರಿಗೆಯ ಹಾಗೆ ಸಾಲು ನೆರಿಗೆ. ಆ ಕೊಡೆಯ ಜಂಬ ಹೇಳತೀರದು. ಬದುಕುವುದು ಒಂದೆರಡು ದಿನ, ಅಷ್ಟರಲ್ಲೇ ನನ್ನ ಕೊಡೆ ದೊಡ್ಡದು, ನಿನ್ನ ಕೊಡೆ ಕೊಳಕು ಅಂತ ಕಿತ್ತಾಡುವವು.

ಮತ್ತಿತಾತನ ಬುಡದಲ್ಲಿ, ಆ ಹಸಿದ ಕೂಸಿನ ಪಕ್ಕದಲ್ಲೇ, ಒಂದು ಪುಟ್ಟಣಬೆ ಎದ್ದಿತು. ಎದ್ದಾಗಿನಿಂದ ಅದಕ್ಕೆ ಕೂಸಿನ ಅಳು ಕೇಳುತ್ತಿತ್ತು. ಅಕ್ಕಂದಿರು ಕೊಡೆ ತಿರುಗಿಸಿಕೊಂಡು ಆಡುತ್ತಿದ್ದರೆ ಇವಳಿಗೆ ಆಡಲು ಮನಸ್ಸೇ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳು ತಲೆಯೆತ್ತಿ, "ತಾತ, ನಾನು ಹೆಗಲು ಕೊಡ್ತೀನಿ," ಅಂದಳು.

ಅಕ್ಕಂದಿರು ಬಿದ್ದು ಬಿದ್ದು ನಕ್ಕರು. ನಾಳೆಗೆ ಕರಗಿ ಹೋಗುವವಳು ಬೆಟ್ಟ ಹೊರಲು ಹೊರಟಿದ್ದಾಳೆ ಅಂತ ಆಡಿಕೊಂಡರು. ಪುಟ್ಟಣಬೆ ಅವರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಮತ್ತಿಮರದ ತೊಗಟೆ ಗೊತ್ತಲ್ಲ, ಮೊಸಳೆ ಬೆನ್ನಿನ ಹಾಗೆ ಬಿರುಕು ಬಿಟ್ಟಿರುತ್ತೆ. ಆ ಬಿರುಕು ಹಿಡಿದು ಹತ್ತಿದಳು. ಸೊಂಟದೆತ್ತರಕ್ಕೆ ಹತ್ತಿ, ಕಾಲೂರಿ, ಕೊಡೆ ಬಿಚ್ಚಿ ನಿಂತಳು.

ಗಾಳಿ ಬಂತು. ಕೊಡೆಗೆ ಗಾಳಿ ತುಂಬಿತು, ಪುಟ್ಟಣಬೆ ದೊಪ್ಪನೆ ನೆಲಕ್ಕೆ ಬಿದ್ದಳು.

ಮತ್ತೆ ಹತ್ತಿದಳು, ಕೊಡೆ ಬಿಚ್ಚಿದಳು, ಮತ್ತೆ ಬಿದ್ದಳು. ಕೊಡೆಯ ಅಂಚು ಹರಿಯಿತು, ಕಾಲು ಉಳುಕಿತು. ಮೂರನೆಯ ಸಲ ಹತ್ತಿ ಬಂದಾಗ ಮತ್ತಿತಾತ ತಡೆದ.

"ಹೆಗಲು ಕೊಡೋಕೆ ಬಂದವರು ಕೊಡೆ ಹಿಡ್ಕೊಂಡು ಬರ್ತಾರೇನೇ ಮಗಾ?" ಅಂದ.

ನೀನೇ ನೋಡಿದೆಯಲ್ಲ ರಾಚಿ, ನಿಮ್ಮ ತಾತನನ್ನು ಒಯ್ದ ದಿನ. ಜಗಲಿಯ ಕಂಬ ತಬ್ಬಿಕೊಂಡು ನಿಂತಿದ್ದೆ ನೀನು. ಅವತ್ತೂ ಮಳೆ. ಪಕ್ಕದ ಮನೆ ಜವರಪ್ಪ ಅಭ್ಯಾಸಬಲದಲ್ಲಿ ಕೊಡೆ ಹಿಡಿದೇ ಹೆಗಲು ಕೊಡಲು ಬಂದುಬಿಟ್ಟ. ಯಾರೋ ಹಿರಿಯರು ಕಣ್ಣು ಬಿಟ್ಟರು. ಅವನು ನಾಚಿಕೊಂಡು ಕೊಡೆಯನ್ನು ಬೇಲಿಗೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಬರಿತಲೆಯಲ್ಲಿ ನೆನೆಯುತ್ತಾ ನಡೆದ. ಹೆಗಲು ಕೊಡುವವರ ರೀತಿ ಅದು. ಹೊರುವಾಗ ನಮ್ಮ ತಲೆ ನೆನೆಯುತ್ತೆ, ನಮ್ಮ ಕಾಲಿಗೆ ಮುಳ್ಳು ಚುಚ್ಚುತ್ತೆ ಅಂತ ನೋಡುವ ಹಾಗಿಲ್ಲ.

ಪುಟ್ಟಣಬೆಗೆ ಈ ರೀತಿ ಗೊತ್ತಿರಲಿಲ್ಲ. ಪಾಪ, ಹುಟ್ಟಿದ್ದೇ ಅವತ್ತು ಬೆಳಿಗ್ಗೆ. ಮತ್ತಿತಾತ ಹೇಳಿದ್ದು ಕೇಳಿ ಕೊಡೆ ನೋಡಿಕೊಂಡಳು, ಕಾಲು ನೋಡಿಕೊಂಡಳು. ಕಾಲು ಅಡ್ಡ ಇದ್ದರೆ ಹೆಗಲು ಮರಕ್ಕೆ ತಾಗೋದಿಲ್ಲ, ಅದನ್ನೂ ಬಿಡಬೇಕು. ಕೊಡೆ ಬಿಟ್ಟರೆ ಅವಳ ಅಂದ ಹೋಗುತ್ತೆ. ಕಾಲು ಬಿಟ್ಟರೆ ಮತ್ತೆ ನೆಲಕ್ಕೆ ಇಳಿದು ಅಕ್ಕಂದಿರ ಜೊತೆ ಸೇರಲು ಆಗೋದಿಲ್ಲ. ಅಣಬೆಗೆ ಇರುವುದೇ ಅವೆರಡು. ಅವೆರಡೂ ಹೋದರೆ ಅವಳನ್ನು ಅಣಬೆ ಅಂತ ಯಾರು ಗುರುತಿಸಬೇಕು?

ಕೆಳಗೆ ಕೂಸು ಅಳುತ್ತಿತ್ತು. ಈಗ ಅಳು ಸಣ್ಣದಾಗಿತ್ತು. ಜೋರಾಗಿ ಅಳುವ ಮಗುವಿಗಿಂತ ಸಣ್ಣಗೆ ಅಳುವ ಮಗುವಿಗೆ ಹೆದರಬೇಕು, ಹೆತ್ತವರನ್ನು ಕೇಳು ಬೇಕಾದರೆ.

ಪುಟ್ಟಣಬೆ ಕೊಡೆ ಬಿಟ್ಟಳು. ಕೊಡೆಯ ನೆರಿಗೆಗಳೆಲ್ಲ ಉದುರಿ ಹೋದವು. ಕಾಲು ಬಿಟ್ಟಳು. ಬರೀ ಹೆಗಲು ಉಳಿಯಿತು. ಆ ಹೆಗಲನ್ನು ತಾತನ ಪಕ್ಕೆಗೆ ಒತ್ತಿ ಕೊಟ್ಟಳು.

ಆಗ ಭೂಮಿತಾಯಿ ಕೆಳಗಿನಿಂದ ಕೂಗಿದಳು. ನನ್ನ ಅಣಬೆಮಕ್ಕಳು ಯಾರೂ ನನ್ನನ್ನು ಬಿಟ್ಟು ಹೋದವರಲ್ಲ, ನೀನು ಮೇಲೆ ಹೋಗಿ ಕೂತೆ, ಇನ್ನು ನಿನ್ನ ಮುಖ ನನಗೆ ಹೇಗೆ ಕಾಣಬೇಕು ಅಂತ ಅತ್ತಳು. ಹಾಲು ಬತ್ತಿದ್ದರೂ ತಾಯಿ ತಾಯಿಯೇ.

"ಅಳಬೇಡಮ್ಮಾ," ಅಂದಳು ಪುಟ್ಟಣಬೆ. "ಬೆನ್ನು ಆಕಾಶದ ಕಡೆಗೆ ಹಾಕ್ತೀನಿ. ಏನೇ ಆಗಲಿ, ನನ್ನ ಮುಖ ನಿನ್ನ ಕಡೆಗೇ."

ಮತ್ತಿತಾತ ಅವಳಿಗೆ, ನೀನು ಇಷ್ಟು ಮೆತ್ತಗಿದ್ದರೆ ನಾಳೆ ಬಿಸಿಲಿಗೆ ಕರಗಿ ಹೋಗ್ತೀಯ, ನನ್ನ ಗಟ್ಟಿತನ ತಗೋ, ಅದು ನನಗೆ ಇನ್ಯಾಕೆ ಅಂತ ಹೇಳಿದ. ತನ್ನ ಮೈಯ ಗಟ್ಟಿತನವನ್ನು ಚೂರುಚೂರೇ ಅವಳಿಗೆ ಕೊಡತೊಡಗಿದ. ಅವಳು ಗಟ್ಟಿಯಾದ ಹಾಗೆ ಅವನು ಮೆತ್ತಗಾದ. ಮಾರನೆಯ ದಿನ ಅಕ್ಕಂದಿರೆಲ್ಲ ಕರಗಿಹೋದರು. ಪುಟ್ಟಣಬೆ ಉಳಿದಳು.

ಆದರೆ ಹೊರುವುದು ಅಂದರೆ ಒಂದು ದಿನದ ಕೆಲಸವಾ? ಒಂದು ಮಳೆಗಾಲ ಹೊತ್ತಳು. ಭಾರ ಹೆಚ್ಚಾಯಿತು, ಹೆಗಲನ್ನು ಒಂದು ಸುತ್ತು ಅಗಲ ಮಾಡಿಕೊಂಡಳು. ಇನ್ನೊಂದು ಮಳೆಗಾಲ ಬಂತು, ಇನ್ನೊಂದು ಸುತ್ತು. ಮತ್ತೊಂದು ಮಳೆಗಾಲ, ಮತ್ತೊಂದು ಸುತ್ತು. ಹಳೆಯ ಸುತ್ತು ಕಂದು ಬಣ್ಣಕ್ಕೆ ತಿರುಗಿತು, ಅಂಚಿನ ಹೊಸ ಸುತ್ತು ಮಾತ್ರ ಬೆಳ್ಳಗೆ.

ಹೊತ್ತವರಿಗೆ ಬೆವರು ಬರಬೇಕಲ್ಲ. ನೆರಿಗೆ ಉದುರಿದ ಜಾಗದಲ್ಲಿ, ಅವಳ ಮುಖದ ತುಂಬ, ಸೂಜಿಮೊನೆಯಲ್ಲಿ ಚುಚ್ಚಿದಷ್ಟು ಸಣ್ಣ ಸಣ್ಣ ತೂತು ಬಿದ್ದವು. ಮಳೆಗಾಲದ ಬೆಳಿಗ್ಗೆ ಅವಳ ಅಂಚಿನಲ್ಲಿ ಬೆವರಿನ ಹನಿ ನಿಂತಿರುತ್ತಿತ್ತು.

ಪ್ರತಿ ಮುಂಗಾರಿಗೆ ಬುಡದಲ್ಲಿ ಹೊಸ ಅಣಬೆಗಳು ಏಳುತ್ತಿದ್ದವು. ಅವಕ್ಕೆ ಇವಳ ಗುರುತೇ ಇಲ್ಲ. ಅದೇನೋ ಮರದ ಗಂಟು ಅಂದುಕೊಳ್ಳುತ್ತಿದ್ದವು. ಮರಕುಟಿಗ ಬಂದು ಒಂದು ಸಲ ಕುಕ್ಕಿ, ರುಚಿಯಿಲ್ಲ ಅಂತ ಹಾರಿಹೋಯಿತು. ಹೋಗಿ ಸುಮ್ಮನಿರಬೇಕೋ ಬೇಡವೋ? ಒಂದು ಅಣಬೆ ಮತ್ತಿತಾತನನ್ನು ಬಿಡದೆ ತಿನ್ನುತ್ತಾ ಕೂತಿದೆ ಅಂತ ಇಡೀ ಕಾಡಿಗೆ ಸಾರಿತು. ನಮ್ಮೂರಲ್ಲೂ ಇದ್ದಾರೆ ಅಂಥವರು, ಹೆಸರು ಹೇಳೋದು ಬೇಡ.

ಪುಟ್ಟಣಬೆಗೆ ನೋವಾಯಿತು. ಬಹಳ ನೋವಾಯಿತು. ಆದರೆ ಹೆಗಲ ಮೇಲೆ ಭಾರ ಇರುವಾಗ ವಾದಕ್ಕೆ ನಿಲ್ಲೋಕಾಗುತ್ತಾ? ಸುಮ್ಮನೆ ಹೊತ್ತಳು. ಅವಳು ನೋಡುತ್ತಿದ್ದದ್ದು ಕೆಳಗಿನ ಕೂಸನ್ನು ಮಾತ್ರ. ತಾತನ ಮೈಯಿಂದ ಮೆತ್ತಗಾದ ಪುಡಿ ಅಷ್ಟಿಷ್ಟು ಬುಡಕ್ಕೆ ಉದುರುತ್ತಿತ್ತು. ಭೂಮಿತಾಯಿ ಅದನ್ನೇ ಕಲಸಿ ಕೂಸಿನ ಬಾಯಿಗೆ ಇಡುತ್ತಿದ್ದಳು. ಅದರಿಂದಲೇ ಜೀವ ಹಿಡಿದುಕೊಂಡಿತ್ತು ಅದು. ಒಂದು ಮೂರನೆಯ ಎಲೆಯೂ ಬಿಟ್ಟಿತು.

ಆಮೇಲೆ ಬಂತು ನೋಡು ಒಂದು ಕೆಟ್ಟ ಬೇಸಿಗೆ. ಹಳ್ಳ ಬತ್ತಿತು, ಮೂರನೆಯ ಎಲೆ ಉದುರಿತು. ಕೂಸು ಹಸಿವು ಅನ್ನುವುದನ್ನೂ ಬಿಟ್ಟುಬಿಟ್ಟಿತು. ಪುಡಿಯ ಊಟ ಇನ್ನು ಸಾಲದು, ತಾತ ಪೂರ್ತಿ ಮಲಗಲೇಬೇಕು. ಪುಟ್ಟಣಬೆ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹೊತ್ತಳು. ತಾತ ಮಿಸುಕಲಿಲ್ಲ.

ಆಗ ಅವಳಿಗೆ ಗೊತ್ತಾಯಿತು. ಒಂದು ಹೆಗಲಿಗೆ ಚಟ್ಟ ಏಳೋದಿಲ್ಲ.

ಮೊದಲ ಮಳೆ ಬೀಳುವುದನ್ನೇ ಕಾದಳು. ಬಿದ್ದ ತಕ್ಷಣ ಮುಖದ ತೂತುಗಳಿಂದ ತನ್ನ ಪುಡಿಯನ್ನೆಲ್ಲ, ಅಣಬೆಗೆ ಬೀಜವೇ ಆದ ತುಕ್ಕಿನ ಬಣ್ಣದ ಸಣ್ಣ ಪುಡಿಯನ್ನು, ಗಾಳಿಯ ಕೈಗೆ ಹಾಕಿದಳು. ನನ್ನವರು ಯಾರಾದರೂ ಹುಟ್ಟಿ ಬರಲಿ, ಹೆಗಲು ಸಾಲದು ಅಂತ ಬೇಡಿಕೊಂಡಳು. ಗಾಳಿಗೆ ಹಿಂದೆ ಹೊರಲಾಗಲಿಲ್ಲವಲ್ಲ, ಆ ನಾಚಿಕೆ ಇನ್ನೂ ಇತ್ತು. ಅದು ಒಂದು ಚಿಟಿಕೆಯೂ ಚೆಲ್ಲದೆ ಆ ಪುಡಿಯನ್ನು ತಾತನ ಮೈಯ ಬಿರುಕುಗಳಿಗೆ ತುಂಬಿತು.

ಬಿರುಕು ಬಿರುಕಿನಲ್ಲೂ ಹೆಗಲು ಎದ್ದವು. ಅವಳ ಮೇಲೆ ಒಂದು, ಅದರ ಮೇಲೆ ಒಂದು, ಆಚೆ ಪಕ್ಕದಲ್ಲಿ ಒಂದು, ಮೆಟ್ಟಿಲ ಹಾಗೆ ಸಾಲಾಗಿ. ಯಾರೂ ಕೊಡೆ ಹಿಡಿದು ಬರಲಿಲ್ಲ. ಯಾರಿಗೂ ಕಾಲಿರಲಿಲ್ಲ. ಎಲ್ಲರೂ ಒಟ್ಟಿಗೆ ಹೊತ್ತರು.

ಆ ಮಳೆಗಾಲ ಮುಗಿಯುವ ಮುಂಚೆ, ಒಂದು ಸಂಜೆ, ಮತ್ತಿತಾತ ನಿಧಾನವಾಗಿ ಬಾಗಿದ. ಹುಟ್ಟಿದಾಗಿನಿಂದ ಮೊದಲ ಸಲ ಬಾಗಿದ. ಗಾಳಿ ಅವನ ಬೆನ್ನಿಗೆ ಒಂದು ಕೈ ಆನಿಸಿತು, ಅಷ್ಟೇ. ಕೂಸಿನ ಮೇಲೆ ಬೀಳದ ಹಾಗೆ, ಅದರ ಮಗ್ಗುಲಿಗೆ ಬಂದು ಮಲಗಿದ.

"ಉಣ್ಣು ಮಗಾ," ಅಂದ. ಅಷ್ಟು ಅಂದಿದ್ದೇ ಅವನ ಮಾತು ನಿಂತಿತು.

ಕಾಡಿಗೆಲ್ಲ ಸಾರಿದ್ದ ಮರಕುಟಿಗ ತಲೆ ತಗ್ಗಿಸಿತು. ಭೂಮಿತಾಯಿ ತಾತನನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಎದೆಯಲ್ಲಿ ಹಾಲು ಜಿನುಗಿತು. ಕೂಸು ಬಾಯಿಟ್ಟು ಕುಡಿಯಿತು, ಬೆಳಗಾಗುವುದರೊಳಗೆ ಹಸಿರಾಯಿತು.

ಕತೆ ಮುಗಿಯಿತು ಅಂತ ಎದ್ದೇಳಬೇಡ, ಇನ್ನೂ ಇದೆ. ತಾತ ಮಲಗಿದಾಗ ಪುಟ್ಟಣಬೆಯೂ ಅವನ ಜೊತೆ ಅಡ್ಡಡ್ಡ ತಿರುಗಿಬಿಟ್ಟಿದ್ದಳು. ಮುಖ ನೆಲದ ಕಡೆಗಿಲ್ಲ, ಎತ್ತಲೋ ಇದೆ. ಹೊತ್ತು ಮುಗಿಸಿದೆಯಲ್ಲ, ಇನ್ನು ಆರಾಮಾಗಿರು ಅಂತ ಎಲ್ಲರೂ ಹೇಳಿದರು. ಅವಳು ಕೇಳಲಿಲ್ಲ. ಅಮ್ಮನಿಗೆ ಮಾತು ಕೊಟ್ಟಿದ್ದೀನಿ ಅಂದಳು. ತನ್ನ ಅಂಚಿನಿಂದಲೇ ಹೊಸದಾಗಿ ಬೆಳೆದಳು, ಬೆಳೆಯುತ್ತಾ ಬೆಳೆಯುತ್ತಾ ಹೊರಳಿದಳು, ಮತ್ತೆ ಬೆನ್ನು ಆಕಾಶಕ್ಕೆ, ಮುಖ ಭೂಮಿಗೆ. ಕೆರೆಯ ಹಿಂದೆ ಹುಣಸೆಮರ ಬಿದ್ದಿದೆಯಲ್ಲ, ಹೋಗಿ ನೋಡು. ಮರ ನಿಂತಿದ್ದಾಗ ಎದ್ದ ಅಣಬೆ ಅಡ್ಡ ತಿರುಗಿದೆ, ಬಿದ್ದ ಮೇಲೆ ಬೆಳೆದದ್ದು ನೆಲ ನೋಡುತ್ತಿದೆ.

ಈಗ ಹೇಳು, ಇವಳನ್ನು ಗುರುತಿಸೋದು ಹೇಗೆ? ಮೇಲಿನಿಂದ ನೋಡಿ ತೀರ್ಮಾನ ಮಾಡಬೇಡ, ಬಗ್ಗಿ ಕೆಳಗಿನಿಂದ ನೋಡು. ಕಾಲಿಲ್ಲ. ನೆರಿಗೆಯಿಲ್ಲ, ಸೂಜಿತೂತು ಇದೆ. ಬೆರಳಲ್ಲಿ ತಟ್ಟು, ಹಲಗೆ ತಟ್ಟಿದ ಹಾಗೆ ಸದ್ದು ಬರುತ್ತೆ, ಅದು ತಾತ ಕೊಟ್ಟ ಗಟ್ಟಿತನ. ಮರದಣಬೆಯಲ್ಲಿ ಬೇರೆ ಜಾತಿಯವೂ ಇವೆ, ಮೆತ್ತಗಿನವು, ನೆರಿಗೆ ಇರುವವು. ಅವು ಇವಳ ದೂರದ ನೆಂಟರು. ಇವಳಾಗಲಿ ಅವರಾಗಲಿ, ತಿಳಿಯದ ಅಣಬೆಯನ್ನು ಬಾಯಿಗೆ ಇಡಬೇಡ, ಆಮೇಲೆ ನಾನು ಸುಮ್ಮನಿರೋದಿಲ್ಲ.

ಇನ್ನು ನಮ್ಮ ಹೊಂಗೆಮರ. ಅದಕ್ಕೆ ಒಳಗಿನಿಂದ ಕೊಳೆ ಹತ್ತಿ ಎಷ್ಟೋ ವರ್ಷ ಆಯ್ತು. ನಿಮ್ಮ ತಾತನಿಗೆ ಗೊತ್ತಿತ್ತು. ಈ ಅಣಬೆ ಮೊದಲ ಸಲ ಎದ್ದಾಗ ಅವರು ಇಲ್ಲೇ ನಿಂತು ಬಹಳ ಹೊತ್ತು ನೋಡಿದರು. ಚಿಕ್ಕಪ್ಪ ಕೆತ್ತಿ ಹಾಕ್ತೀನಿ ಅಂತ ಮಚ್ಚು ತಂದ. ಬೇಡ ಬಿಡು, ಹೆಗಲು ಕೊಡೋಕೆ ಬಂದವರನ್ನ ಬಾಗಿಲಲ್ಲಿ ತಡೀಬಾರದು ಅಂದರು.

ಅಳು ಬಂದರೆ ಅತ್ತುಬಿಡು ಮಗಾ. ನಾನೂ ಅಳ್ತೀನಿ. ಅತ್ತು ಮುಗಿದ ಮೇಲೆ ಬಾ ಇಲ್ಲಿ, ನನ್ನ ಕೈ ಹಿಡ್ಕೊಂಡು ಮಂಡಿಯೂರು, ನನಗೆ ಬಗ್ಗೋಕಾಗಲ್ಲ. ಅಣಬೆಯ ಕೆಳಗೆ ನೋಡು. ಬೆವರು ಕಂಡಿತಾ? ಈಗ ಅವಳು ನೋಡ್ತಿರೋ ಕಡೆಗೇ ನೀನೂ ನೋಡು, ನೇರ ಕೆಳಕ್ಕೆ, ಆ ಒಣಗಿದೆಲೆ ಸರಿಸು. ಏನದು? ಹೊಂಗೆಸಸಿ. ತಾತನ ಹೊಂಗೆಯದೇ ಬೀಜ, ನಿನ್ನ ಕಿರುಬೆರಳಷ್ಟಿದೆ.

ಕಲ್ಲು ಎಲ್ಲಿ? ಸಸಿಯ ಪಕ್ಕ ಇಡ್ತೀಯಾ, ಯಾರೂ ತುಳಿಯದ ಹಾಗೆ? ಇಡು ನನ್ನ ಬಂಗಾರ.

ಅದಕ್ಕೇ ಮಗಾ, ಇವತ್ತಿಗೂ ಮರದ ಮೈಮೇಲಿನ ಹಲಗೆ ಅಣಬೆಗೆ ಕಾಲಿಲ್ಲ, ಕೊಡೆಯಿಲ್ಲ, ಬಿಸಿಲಿಗೂ ಮಳೆಗೂ ಬರೀ ಹೆಗಲೊಡ್ಡಿ ಕೂತಿರುತ್ತೆ. ಮುಖ ಮಾತ್ರ ನೆಲದ ಕಡೆಗೇ, ಕೆಳಗಿನ ಕೂಸು ಉಂಡಿತಾ ಅಂತ ನೋಡಿಕೊಂಡು.